ಹಸಿರು ನೀರು ಸೋರುವ ಕಾರಿನಲ್ಲಿ ಘಾಟಿಗೆ ಬೇಡ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಕಾರಿನ ಅಡಿ ಹಸಿರು ನೀರು ತೊಟ್ಟಿಕ್ಕುತ್ತಿದೆ, ಬೆಲ್ಟ್ ಹತ್ತಿರ ಕಿರ್ ಅಂತ ಸದ್ದು, ನೀರು ತುಂಬಿಸಿಕೊಂಡು ಭಾನುವಾರ ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀಯ. ಬೇಡ ಮಾರಾಯ. ನೀನು ಹೇಳಿದ್ದು ಕೇಳಿದರೆ ವಾಟರ್ ಪಂಪ್, ಅಂದರೆ ಇಂಜಿನ್ ಸುತ್ತ ನೀರು ತಿರುಗಿಸುವ ಪಂಪ್, ಕೆಟ್ಟ ಹಾಗೇ ಇದೆ. ಆ ಕಾರಲ್ಲಿ ಆಗುಂಬೆ ಘಾಟಿ ಇಳಿಯಬೇಡ.

ನಮ್ಮ ಹಳೆ ಬಿಳಿ ಕಾರಿಗೂ ಹೀಗೇ ಶುರುವಾಗಿದ್ದು. ಬೆಳಿಗ್ಗೆ ಕೊಟ್ಟಿಗೆ ಪಕ್ಕ ನಿಲ್ಲಿಸಿದ ಜಾಗದಲ್ಲಿ ನಾಣ್ಯದಷ್ಟು ಒದ್ದೆ. ಸುಮ್ನೆ ಬಾವಿ ನೀರು ಹಾಕಿ ಓಡಿಸಿದೆ. ಅಕ್ಕನ ಮಗಳ ಮದುವೆ ದಿನ ನಸುಕಿಗೇ ಉಡುಪಿಗೆ ಹೋಗಿ ಎರಡು ಅಟ್ಟೆ ಶಂಕರಪುರ ಮಲ್ಲಿಗೆ ತಗೊಂಡೆ. ವಾಪಸ್ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆ. 14 ತಿರುವಲ್ಲಿ ಅರ್ಧ ಆಗಿರಬೇಕು, ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ ಸಂದಿಯಿಂದ ಹಬೆ. ಗಾಬರಿಯಲ್ಲಿ ರೇಡಿಯೇಟರ್ ಮುಚ್ಚಳ ತಿರುಗಿಸಿದೆ. ಕುದಿಯುವ ನೀರು ಮೊಣಕೈವರೆಗೆ ಹಾರಿತು. ಕಲೆ ಈಗಲೂ ಇದೆ. ಬಿಚ್ಚಿದಾಗ ನೋಡಿದರೆ ಪಂಪಿನ ಒಳಗಿನ ರೆಕ್ಕೆಗಳು ತುಕ್ಕು ತಿಂದು ಸವೆದಿದ್ದವು. ಎಷ್ಟು ನೀರು ಹಾಕಿದರೇನು, ಇಂಜಿನ್ ಸುತ್ತ ತಿರುಗಿಸಬೇಕಾದ್ದೇ ಅದು. ಬಿಸಿಗೆ ಗ್ಯಾಸ್ಕೆಟ್ ಹೋಯಿತು, ಇಂಜಿನ್ನಿನ ಮೇಲ್ಭಾಗದ ಹೆಡ್ಡೂ ಬೆಂಡಾಯಿತು.

ಯಾರದೋ ಜೀಪ್ ಹತ್ತಿ ಬರುವಷ್ಟರಲ್ಲಿ ಧಾರೆ ಮುಗಿದಿತ್ತು. ಮಲ್ಲಿಗೆ ಬಾಳೆಲೆಯೊಳಗೇ ಕಂದಿತ್ತು. "ಹೂವಿಗೆ ಹೋದವರು ಊಟದ ಹೊತ್ತಿಗೆ ಬಂದರು" ಅಂತ ಮನೆಯವರು ಇವತ್ತಿಗೂ ಹೇಳುತ್ತಾರೆ, ನಮ್ಮ ಮನೆಯವರ ಈ ಗ್ರೂಪಲ್ಲೂ ಹೇಳಿದ್ದಾರೆ. ಕೈ ಸುಟ್ಟಿದ್ದು ಏನಾಯ್ತು ಅಂತ ಒಬ್ಬರೂ ಕೇಳಲಿಲ್ಲ. ಆ ಹುಡುಗಿಯನ್ನು ಎತ್ತಿ ಆಡಿಸಿದವನು ನಾನು. ಅವಳ ಧಾರೆ ನೋಡಲಿಲ್ಲ ಅನ್ನುವ ಸಂಕಟ ನನಗಿಲ್ಲವಾ? ನಿನ್ನ ದೊಡ್ಡಮ್ಮನೊಬ್ಬಳಿಗೇ ಅದು ಗೊತ್ತು.

ಇರಲಿ, ಹೇಳಬೇಕಾದ್ದೇ ಬಿಟ್ಟೆ. ನಾಳೆನೇ ಗ್ಯಾರೇಜಿಗೆ ಒಯ್ಯಿ, ದಾರಿಯಲ್ಲಿ ಮುಳ್ಳು ಮೇಲೆ ಹೋದರೆ ಅಲ್ಲೇ ನಿಲ್ಲಿಸು. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡ. ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಸೀಲ್ ಹೋದರೆ ಅಲ್ಲಿಂದ ತೊಟ್ಟಿಕ್ಕುತ್ತದೆ. ಅದನ್ನು ನೋಡಲು ಹೇಳು. ಬೆಲ್ಟ್ ತಿರುಗಿಸುವ ಪಂಪಿನ ಪುಲ್ಲಿ ಅಲ್ಲಾಡಿಸಿ ನೋಡಲಿ, ಸಡಿಲ ಇದ್ದರೆ ಬೇರಿಂಗ್ ಹೋಗಿದೆ ಅಂತ. ನಿನ್ನ ಕಾರಲ್ಲಿ ಪಂಪ್ ತಿರುಗಿಸುವುದು ಟೈಮಿಂಗ್ ಬೆಲ್ಟ್ ಆದರೆ ಬೆಲ್ಟನ್ನೂ ಒಟ್ಟಿಗೇ ಹಾಕಿಸು, ಹೇಗೂ ಬಿಚ್ಚುತ್ತಾರೆ. ಆಮೇಲೆ ಬಾವಿ ನೀರು ಬೇಡ, ಇಂಜಿನ್ ತಂಪು ಮಾಡಲು ಕಾರಿನ ಪುಸ್ತಕದಲ್ಲಿ ಹೇಳಿದ ಕೂಲಂಟೇ ಹಾಕು.

ಇಳಿಯುವಾಗ ಏನೂ ಆಗಲಿಕ್ಕಿಲ್ಲ ಅಂತೀಯ. ವಾಪಸ್ ಹತ್ತಬೇಕಲ್ವಾ, ಅದೂ ಅಮ್ಮನನ್ನು ಕೂರಿಸಿಕೊಂಡು? ಆ ಕಾರಲ್ಲಿ ಘಾಟಿಗೆ ಬೇಡವೇ ಬೇಡ. ಭಾನುವಾರ ನನ್ನ ಕಾರು ಒಯ್ಯಿ. ಕೀ ಗಡಿಯಾರದ ಕೆಳಗಿನ ಮೊಳೆಯಲ್ಲಿದೆ.