ಮೈಟೋಕಾಂಡ್ರಿಯಾ ಕಾಯಿಲೆ ಇರುವ ಮಗ ಕೋಟೆ ಹತ್ತುತ್ತೇನೆ ಅನ್ನುತ್ತಿದ್ದಾನೆ, ಕಳಿಸಲಾ?

ದಾವಣಗೆರೆಯ ಅಮ್ಮ:
ಮಗನಿಗೆ 16, ಮೊದಲ ಪಿಯುಸಿ. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಗ್ಗೆ ತಲೆನೋವು, ವಾಂತಿ, ಆಮೇಲೆ ಫಿಟ್ಸ್. ಒಂದು ಪಕ್ಕ ಕಣ್ಣೇ ಕಾಣಲಿಲ್ಲ. ಟೆಸ್ಟ್ ಎಲ್ಲಾ ಆಗಿ ಮೆಲಾಸ್ ಅಂದರು, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾದ ಕಾಯಿಲೆ. ಅದರ ಡಿಎನ್‌ಎಯಲ್ಲಿ 3243ನೇ ಜಾಗದ ಬದಲಾವಣೆಯಂತೆ. ಈಗ ಫಿಟ್ಸ್‌ಗೆ ಲೆವೆಟಿರಾಸಿಟಮ್, ಜೊತೆಗೆ ಕೋ-ಕ್ಯೂ 10, ಆರ್ಜಿನಿನ್ ನಡೆಯುತ್ತಿದೆ. ಎಡಗಿವಿಗೆ ಹಿಯರಿಂಗ್ ಏಡ್. ಅದು ಕಾಣಬಾರದು ಅಂತ ಕೂದಲು ಬಿಟ್ಟಿದ್ದಾನೆ.

ಮೊನ್ನೆ ಫೀಸ್ ಕಟ್ಟಲು ಕಾಲೇಜಿಗೆ ಹೋಗಿದ್ದೆ. ಅವನು ಗೆಳೆಯರ ಜೊತೆ ಮೆಟ್ಟಿಲು ಹತ್ತುತ್ತಿದ್ದ. ಅರ್ಧಕ್ಕೆ ನಿಂತು, ಬಗ್ಗಿ, ಶೂ ಲೇಸ್ ಕಟ್ಟುವ ಹಾಗೆ ಮಾಡಿದ. ಲೇಸ್ ಬಿಚ್ಚಿರಲೇ ಇಲ್ಲ. ಸುಧಾರಿಸಿಕೊಳ್ಳುತ್ತಿದ್ದ ಅಷ್ಟೇ.

ಈಗ ಕ್ಲಾಸಿನವರು ಚಿತ್ರದುರ್ಗದ ಕೋಟೆಗೆ ಹೊರಟಿದ್ದಾರೆ. ಹೋಗಲೇಬೇಕು ಅಂತ ಇವನ ಹಟ. ನಾನೂ ಬರುತ್ತೇನೆ ಅಂದದ್ದಕ್ಕೆ ಅರ್ಧ ಊಟಕ್ಕೇ ಎದ್ದು ಹೋದ. ಹೊಟ್ಟೆ ಖಾಲಿ ಬಿಡಬಾರದು ಅಂತ ಅವನಿಗೂ ಗೊತ್ತು. ತಾಯಿಯಿಂದ ಬರುವ ಕಾಯಿಲೆ ಅಂತ ತಿಳಿದ ಮೇಲೆ ಮನೆಯಲ್ಲಿ ಏನಾದರೂ ಎಲ್ಲರೂ ನನ್ನ ಮುಖ ನೋಡುತ್ತಾರೆ. ನನಗೂ ಶುಗರ್ ಇದೆ, ಕಿವಿ ಸ್ವಲ್ಪ ಮಂದ. ಧೈರ್ಯ ಬರುತ್ತಿಲ್ಲ.

ಮೈಸೂರಿನ ತಾಯಿ:
ಕಳಿಸಿ ಅಕ್ಕ, ತಯಾರಿ ಮಾಡಿ ಕಳಿಸಿ. ನನ್ನ ಮಗಳಿಗೆ ಬೇರೆ ತರಹದ ಮೈಟೋ ಕಾಯಿಲೆ. ನ್ಯೂರಾಲಜಿಸ್ಟ್ ಹತ್ತಿರ ಒಂದು ಪುಟದ ಎಮರ್ಜೆನ್ಸಿ ಪತ್ರ ಬರೆಸಿಕೊಳ್ಳಿ. ಫಿಟ್ಸ್ ಬಂದರೆ ವಾಲ್‌ಪ್ರೋಯೇಟ್ ಕೊಡಬಾರದು ಅನ್ನುವುದು ದಪ್ಪ ಅಕ್ಷರದಲ್ಲಿ ಇರಲಿ. ಫಿಟ್ಸ್‌ಗೆ ಎಲ್ಲ ಕಡೆ ಕೊಡುವ ಔಷಧಿ ಅದು, ಗೊತ್ತಿಲ್ಲದವರು ಹಾಕಿಬಿಡುತ್ತಾರೆ. ವಾಂತಿ ಜಾಸ್ತಿಯಾದರೆ ಡ್ರಿಪ್ ಯಾವುದು ಅನ್ನುವುದನ್ನೂ ಬರೆಸಿ. ಪತ್ರ ಬ್ಯಾಗಿನಲ್ಲಿ ಬೇಡ, ಬ್ಯಾಗ್ ಬಸ್ಸಲ್ಲೇ ಉಳಿಯುತ್ತದೆ. ಜೇಬಿನಲ್ಲಿರಲಿ, ಫೋನಿನಲ್ಲೂ ಒಂದು ಫೋಟೋ. ಜೊತೆಗೆ ಚಪಾತಿ, ಚಿಕ್ಕಿ, ಬಾಳೆಹಣ್ಣು. ಜ್ವರ ಇದ್ದರೆ ಮಾತ್ರ ಖಂಡಿತ ಬೇಡ.

ಒಬ್ಬ ಮಕ್ಕಳ ಡಾಕ್ಟರ್:
ಅಮ್ಮ, ನಿಮ್ಮ ಬಗ್ಗೆ ಒಂದು ಮಾತು. ಶುಗರ್, ಕಿವಿ ಮಂದ ಎರಡೂ ಇದೇ 3243ರಿಂದ ಇರಬಹುದು. ನೀವೂ ಟೆಸ್ಟ್ ಮಾಡಿಸಿ. ವಯಸ್ಸಾದಂತೆ ರಕ್ತದಲ್ಲಿ ಈ ಬದಲಾವಣೆಯ ಪ್ರಮಾಣ ಇಳಿಯುತ್ತದೆ, ಮೂತ್ರದಲ್ಲಿ ಚೆನ್ನಾಗಿ ಸಿಗುತ್ತದೆ. ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಆದರೆ ಈ ವಿಷಯ ನಿಮ್ಮ ಡಾಕ್ಟರಿಗೆ ಹೇಳಿ. ರಕ್ತದಲ್ಲಿ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲ) ಏರೀತು ಅಂತ ಮಾತ್ರೆ ಬದಲಾಯಿಸುವುದುಂಟು. ಮೈಟೋಕಾಂಡ್ರಿಯಾದ ಡಿಎನ್‌ಎ ನಮಗೆಲ್ಲ ತಾಯಿಯಿಂದಲೇ ಬರುವುದು, ಅದರಲ್ಲಿ ನಿಮ್ಮ ತಪ್ಪೇನಿದೆ? ಮನೆಯವರನ್ನು ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರ್ ಬಾಯಿಂದಲೇ ಕೇಳಲಿ.

ಹುಬ್ಬಳ್ಳಿಯ ಹುಡುಗಿ:
ಆಂಟಿ, ನನಗೆ 23, ನನಗೂ ಮೆಲಾಸ್. ನಾನು ಮೆಟ್ಟಿಲಲ್ಲಿ ಮೊಬೈಲ್ ನೋಡುವ ಹಾಗೆ ನಿಲ್ಲುತ್ತಿದ್ದೆ. ನೀವು ನೋಡಿದ್ದನ್ನು ಅವನಿಗೆ ಹೇಳಬೇಡಿ, ದಯವಿಟ್ಟು.

ಜೊತೆಗೂ ಹೋಗಬೇಡಿ. ನೀವಿದ್ದರೆ ತನಗೇನೂ ಆಗಿಲ್ಲ ಅಂತ ತೋರಿಸಲು ಅವನು ಇನ್ನೂ ಜಾಸ್ತಿ ಹತ್ತುತ್ತಾನೆ. ಲೆಕ್ಚರರ್‌ಗೆ ವಿಷಯ ಗೊತ್ತಿರಲಿ, ಆದರೆ ಬಸ್ಸಲ್ಲಿ ಎಲ್ಲರೆದುರು ಹೇಳುವುದು ಬೇಡ. ಒಬ್ಬ ಗೆಳೆಯನಿಗೆ ಪೂರ್ತಿ ಗೊತ್ತಿರಬೇಕು. ಯಾರು ಅಂತ ಅವನೇ ಆರಿಸಲಿ. ನನಗೆ ಸುಸ್ತಾದದ್ದು ಕಂಡರೆ ನನ್ನ ಗೆಳತಿ "ನಂಗೆ ಕಾಲು ನೋಯ್ತಿದೆ ಕಣೇ, ಕೂತ್ಕೊಳ್ಳೋಣ" ಅನ್ನುತ್ತಿದ್ದಳು. ನನ್ನ ಹೆಸರೇ ಎತ್ತುತ್ತಿರಲಿಲ್ಲ. ಅವಳಿಂದಾಗಿ ನಾನು ಎಷ್ಟೋ ಕಡೆ ಹೋದೆ. ಬಿಸಿಲೇರುವ ಮೊದಲು ಹತ್ತಿದರೆ ಒಳ್ಳೆಯದು, ಆ ಬಂಡೆ ಕಾದರೆ ಯಾರಿಗಾದರೂ ಕಷ್ಟ.

ದಾವಣಗೆರೆಯ ಅಮ್ಮ:
ರಾತ್ರಿ ಅವನ ಹತ್ತಿರ ಮಾತಾಡಿದೆ. ಮೆಟ್ಟಿಲಿನ ವಿಷಯ ಎತ್ತಲಿಲ್ಲ. ಗೆಳೆಯನ ಹೆಸರು ಹೇಳಿದ, ನಾನು ಅಂದುಕೊಂಡ ಹುಡುಗ ಅಲ್ಲ ಅದು. ಓಬವ್ವನ ಕಿಂಡಿ ತನಕ ಹೋಗುತ್ತಾನಂತೆ, ಅಲ್ಲಿಂದ ಮೇಲಕ್ಕೆ ಆಗುತ್ತಾ ಅಂತ ಅಲ್ಲೇ ನೋಡುತ್ತಾನಂತೆ. ನಾನು ಫೋನ್ ಮಾಡಬಾರದು, ಊಟ ಆದ ಮೇಲೆ ಅವನೇ ಮೆಸೇಜ್ ಹಾಕುತ್ತಾನೆ. ಒಪ್ಪಿಕೊಂಡೆ. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ, ನನ್ನ ಟೆಸ್ಟ್ ಬಗ್ಗೆಯೂ ಕೇಳುತ್ತೇನೆ. ಇವರೂ ಬರುತ್ತೇನೆ ಅಂದಿದ್ದಾರೆ. ಮೈಸೂರಿನವರೇ, ಪತ್ರ ಇಂಗ್ಲಿಷಿನಲ್ಲಿದ್ದರೆ ಸಾಕಾ, ಕನ್ನಡದಲ್ಲೂ ಒಂದು ಬೇಕಾ?