ಪಂಚಮಿ ಹಾಲು, ಶಾಲೆಯ ಪಾಠ: ಸ್ವಂತ ನಿಲುವು ಹ್ಯಾಂಗ ಕಟ್ಟಿಕೊಳ್ಳೋದು?

ಪ್ರಶ್ನೆ (ಕಲಬುರಗಿ):
ಮನ್ಯಾಗ ಆಚಾರ ಕಲಿಸ್ತಾರ, ಕಾರಣ ಹೇಳಲ್ಲ. ಪೂರ್ತಿ ಸರ್ಕಾರಿ ಹಣದಾಗ ನಡೆಯೋ ಶಾಲೆಯೊಳಗ ಧರ್ಮಬೋಧನೆಗೆ ಸಂವಿಧಾನದ 28ನೇ ವಿಧಿ ಅವಕಾಶ ಕೊಡಲ್ಲ. ನಡುವ ಸಿಕ್ಕ ಪಿಯುಸಿ ಹುಡುಗರು ಒಂದೋ ಎಲ್ಲಾ ಸುಳ್ಳು ಅಂತಾರ, ಇಲ್ಲಾ ವಾಟ್ಸಾಪಿನಾಗ ಬಂದದ್ದೆಲ್ಲಾ ನಂಬ್ತಾರ. ಪಂಚಮಿ ಬಂದ್ರ ಹಾವಿಗೆ ಹಾಲೆರೆಯೋದರದೇ ಜಗಳ. ಹಿಂದೂ ಆಗೇ ಇದ್ದು ವಿಚಾರ ಮಾಡೋ ಕ್ರಮ ಏನರೆ ಅದನ್ರಿ?

ಉತ್ತರ (ಸೇಡಂ):
ಅದ ರೀ, ನಮ್ಮ ದರ್ಶನಗಳೊಳಗೇ (ತತ್ವಶಾಸ್ತ್ರದ ಪಂಥಗಳೊಳಗೇ) ಅದ. ಒಂದು ಮಾತು ಖರೇನೋ ಸುಳ್ಳೋ ಅನ್ನೋಕ್ಕಿಂತ ಮೊದಲು, ಅದನ್ನ ಯಾವ ಪ್ರಮಾಣದಿಂದ, ಅಂದ್ರ ತಿಳಿಯೋ ಯಾವ ದಾರಿಯಿಂದ, ತಿಳೀಬೇಕು ಅಂತ ಕೇಳ್ತಾವ. ವೇದ ಒಪ್ಪದ ಚಾರ್ವಾಕರಿಗೆ ಪ್ರತ್ಯಕ್ಷ (ಕಣ್ಣು-ಕಿವಿಯಿಂದ ನೇರ ತಿಳಿಯೋದು) ಒಂದೇ. ದ್ವೈತಕ್ಕ ಪ್ರತ್ಯಕ್ಷ, ಅನುಮಾನ (ತರ್ಕದಿಂದ ತಿಳಿಯೋದು), ಆಗಮ (ಶಾಸ್ತ್ರದ ಮಾತು) ಅಂತ 3, ನ್ಯಾಯ ದರ್ಶನಕ್ಕ 4, ಅದ್ವೈತಕ್ಕ 6. ನಮ್ಮ ಮಳಖೇಡದ ಜೋಡಿ ಹೆಸರು ಕೂಡಿಕೊಂಡ ದ್ವೈತದ ಆಚಾರ್ಯ ಜಯತೀರ್ಥರು ಇದಕ್ಕಂತಲೇ ‘ಪ್ರಮಾಣಪದ್ಧತಿ’ ಬರೆದ್ರು. ಶಂಕರರಂತೂ ಗೀತಾಭಾಷ್ಯದಾಗ (18.66) ಬಿಚ್ಚಿ ಹೇಳ್ಯಾರ: ಬೆಂಕಿ ತಣ್ಣಗದ ಅಂತ ನೂರು ಶ್ರುತಿ (ವೇದವಾಕ್ಯ) ಹೇಳಿದ್ರೂ ಅದು ಪ್ರಮಾಣ ಆಗಲ್ಲ.

ಉತ್ತರ (ಸುರಪುರ):
ಸೇಡಂ ಸರ್ ಹೇಳಿದ್ದನ್ನ ಪಂಚಮಿಗೇ ಹಚ್ಚಿ ನೋಡ್ರಿ. ಹಾವು ಹಾಲು ಕುಡೀತದ ಅನ್ನೋದು ಕಣ್ಣಿಂದ ನೋಡಿ ತಿಳಿಯೋ ವಿಷಯ, ಮತ್ತ ಅದು ಸುಳ್ಳು. ನೀರಿಲ್ಲದ ಕೂಡಿಹಾಕಿದ ಹಾವು ದಾಹಕ್ಕ ಬಾಯಿ ಹಾಕ್ತದ, ಹಾಲು ಅದಕ್ಕ ಅರಗಲ್ಲ. ನಾಗರಹಾವು ಹಿಡಿದಿಡೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಬ್ಯಾರೆ. ಜೀವಂತ ಹಾವಿಗೆ ಹಾಲು ಕುಡಿಸೋದನ್ನ ಬಿಟ್ಟುಬಿಡ್ರಿ. ಆದ್ರ ಮಣ್ಣಿನ ನಾಗಪ್ಪಗ ‘ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು’ ಅಂತ ಹನಿ ಹನಿ ಎರೆಯೋದು ಹಾವಿನ ಹೊಟ್ಟಿ ಬಗ್ಗೆ ಹೇಳೋ ಮಾತೇ ಅಲ್ಲ, ಮನಿಮಂದಿನ್ನ ಒಬ್ಬೊಬ್ಬರಾಗಿ ನೆನೆಯೋದು. ಅದಕ್ಕ ‘ವೈಜ್ಞಾನಿಕ ಕಾರಣ’ ಹುಡುಕಿ ಅಂಟಿಸಬ್ಯಾಡ್ರಿ. ಆ ಕಾರಣ ಸುಳ್ಳಂತ ಗೊತ್ತಾದ ದಿನ ಹುಡುಗರು ಹಾಲಿನ ಜೋಡಿ ಉಂಡಿ, ಜೋಕಾಲಿ, ತವರಿಗೆ ಬಂದ ಅಕ್ಕನ ಸಂಭ್ರಮ ಎಲ್ಲಾ ಬಿಟ್ಟುಬಿಡ್ತಾರ.

ಉತ್ತರ (ಬಸವಕಲ್ಯಾಣ):
ಸುರಪುರದ ಅಕ್ಕಾರ ಮಾತು ಒಪ್ಪದ. ಆದ್ರ ಖರೇ ಯಾವುದು ಅಂತ ಗೊತ್ತಾದ್ರ ಸಾಲಲ್ಲ, ಸರಿ ಯಾವುದು ಅಂತನೂ ಕೇಳಬೇಕು. ಮನುಸ್ಮೃತಿ (2.12) ಧರ್ಮಕ್ಕ ವೇದ, ಸ್ಮೃತಿ (ಧರ್ಮಶಾಸ್ತ್ರ), ಸದಾಚಾರ (ಒಳ್ಳೆಯವರ ನಡತೆ), ತನ್ನ ಮನಸ್ಸಿಗೆ ಒಪ್ಪೋದು ಅಂತ 4 ಲಕ್ಷಣ ಹೇಳ್ತದ. ಎಡವೋದು ಸದಾಚಾರದಾಗ. ಹಿರಿಯರು ಮಾಡಿದ್ದೆಲ್ಲಾ ಸದಾಚಾರ ಅಂದ್ರ ಕೂಲಿಯವನಿಗಿ ಚಹಾ ಕೊಡಲಿಕ್ಕ ಬ್ಯಾರೆ ಲೋಟ ಇಡೋದೂ ಸದಾಚಾರ ಆಗ್ತದ. ಅದೇ ಸ್ಮೃತಿಯೊಳಗ ಜಾತಿ ಹಿಡಿದು ಶಿಕ್ಷೆ ಬ್ಯಾರೆ ಮಾಡೋ ಶ್ಲೋಕಗಳೂ ಅವ. ಇಲ್ಲೇ ಕಲ್ಯಾಣದಾಗ 12ನೇ ಶತಮಾನದ ಶರಣರು ಇಂಥದ್ದನ್ನೇ ಪ್ರಶ್ನೆ ಮಾಡಿದ್ರು. ಅಸ್ಪೃಶ್ಯತೆಗೆ 17ನೇ ವಿಧಿ ಕಾನೂನಿನ ಉತ್ತರ ಕೊಟ್ಟದ, ಆದ್ರ ಮನಿಯ ಲೋಟ ನಾವೇ ಬದಲಿಸಬೇಕು.

ಹಿರಿಯರ ಜೋಡಿ ಮಾತಾಡೋದಾದ್ರ ಹಬ್ಬದ ದಿನ ಬ್ಯಾಡ್ರಿ. ಹಿಂದಿನ ವಾರ, ಒಂದೇ ಆಚಾರ ಹಿಡಿದು ಕೂಡ್ರಿ, ಮೊದಲು ಆ ಲೋಟದಿಂದ.