ಸಹಾಯ ಬೇಕು: ಕುರುಪಿರಾನನ್ನು ಕನ್ನಡದಲ್ಲಿ ಏನನ್ನಲಿ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ. ಇಲ್ಲಿ ಆಗಸ್ಟ್ 22 ಜಾನಪದ ದಿನ. ಆರು ವರ್ಷದ ಮಗಳು ಶಾಲೆಯಲ್ಲಿ ಕೇಳಿದ ಕಥೆಗಳಿಗೆಲ್ಲ ಚಿತ್ರ ಬರೆದಿದ್ದಾಳೆ. ಕೆಳಗೆ ಕನ್ನಡದಲ್ಲಿ ಕಥೆ ಬರೆದು ಶಿವಮೊಗ್ಗದ ಅಜ್ಜಿಗೆ ಕಳಿಸೋಣ ಅಂತ ಕೂತೆ.

ಕೆಲವು ಸಲೀಸಾಗಿ ಆದವು. ಬೊಯ್ತಾತಾ ಅಂದರೆ ಇಲ್ಲಿನ ಮೂಲನಿವಾಸಿಗಳ ತುಪಿ ಭಾಷೆಯಲ್ಲಿ ಬೆಂಕಿ ಹಾವು, ಹಾಗೇ ಬರೆದೆ. ಮಾನಿ ಎಂಬ ಪುಟ್ಟ ಹುಡುಗಿಯನ್ನು ಹೂತ ಜಾಗದಲ್ಲಿ ಮರಗೆಣಸು ಹುಟ್ಟಿದ ಕಥೆಯೂ ಮುಗಿಯಿತು.

ಸಿಕ್ಕಿಹಾಕಿಕೊಂಡಿದ್ದು ಕುರುಪಿರಾ ಹತ್ತಿರ. ಕಾಡು ಕಾಯುವ, ಕೆಂಪು ಕೂದಲಿನ ಹುಡುಗ, ಪಾದ ಹಿಂದುಮುಂದು. ಹೆಜ್ಜೆಗುರುತು ಹಿಡಿದು ಹೋದ ಬೇಟೆಗಾರ ಉಲ್ಟಾ ದಿಕ್ಕಿಗೆ ನಡೆದು ದಾರಿ ತಪ್ಪುತ್ತಾನೆ. ಹೊಟ್ಟೆಪಾಡಿಗೆ ಬೇಟೆಯಾಡಿದವನನ್ನು ಕುರುಪಿರಾ ಬಿಡುತ್ತಾನೆ, ಸುಮ್ನೆ ಕೊಂದವನನ್ನು ಬಿಡುವುದಿಲ್ಲ.

ವೀಡಿಯೋ ಕಾಲ್‌ನಲ್ಲಿ ಚಿತ್ರ ನೋಡಿದ್ದೇ ಅಮ್ಮ, "ಅಯ್ಯೋ, ಪಾದ ಹಿಂದಕ್ಕಿದ್ರೆ ದೆವ್ವ ಅಲ್ವಾ!" ಅಂದರು. ಮಗಳಿಗೆ ಸಿಟ್ಟು ಬಂತು. 'ವನದೇವತೆ' ಅಂತ ಬರೆದರೆ ರೇಷ್ಮೆ ಸೀರೆ ಉಟ್ಟವಳು ಕಣ್ಣಮುಂದೆ ಬರುತ್ತಾಳೆ. 'ಕಾಡಿನ ಭೂತ' ಅಂದರೆ ಕರಾವಳಿಯವರಿಗೆ ಕಾಯುವ ದೈವ ಅಂತ ಅರ್ಥವಾದೀತು, ನಮ್ಮ ಕಡೆ ಮಕ್ಕಳು ಹೆದರುತ್ತಾರೆ. ಹೆಸರು ಹಾಗೇ ಇಡೋಣ ಅಂದರೆ ಅಮ್ಮನಿಗೆ ಅದು 'ಕುರೂಪಿ' ಅಂತ ಕೇಳಿಸುತ್ತದೆ!

ಕಾಡು ಕಾಯುವ, ತುಂಟ, ಸ್ವಲ್ಪ ಹೆದರಿಸುವ ಇಂಥವನಿಗೆ ನಿಮ್ಮ ಊರಿನ ಕಥೆಗಳಲ್ಲಿ ಏನಾದರೂ ಹೆಸರಿದೆಯಾ? ಇಲ್ಲದಿದ್ದರೆ, ಕುರುಪಿರಾ ಅಂತಲೇ ಇಟ್ಟು ಮೊದಲ ಸಾಲಿನಲ್ಲಿ ಅವನು ಯಾರು ಅಂತ ಮಕ್ಕಳಿಗೆ ಹೇಗೆ ಹೇಳಲಿ?